ಸರ್ಕಾರಿ ನೌಕರರಿಗೆ ರಿಯಾಯಿತಿ: ಬೋರ್ಡ್ ಹಾಕುವ ಮೊದಲು ಬಳ್ಳಾರಿ ಅಂಗಡಿಯವರು ನೋಡಬೇಕಾದ ಲೆಕ್ಕ

ಬಳ್ಳಾರಿಯಲ್ಲಿ ಅಂಗಡಿಗಳ ಲೆಕ್ಕ ಬರೆದು, ಜಿಎಸ್‌ಟಿ ರಿಟರ್ನ್ ಹಾಕಿಕೊಡುವುದು ನನ್ನ ಕೆಲಸ. ರಾಜ್ಯದ ಏಳನೇ ವೇತನ ಆಯೋಗದ ಸಂಬಳ 2024ರ ಆಗಸ್ಟ್‌ನಿಂದ ಜಾರಿಯಾದ ಮೇಲೆ ಬ್ರೂಸ್‌ಪೇಟೆ, ಬೆಂಗಳೂರು ರಸ್ತೆ, ಕೌಲ್‌ಬಜಾರ್ ಅಂತ ಎಲ್ಲ ಕಡೆಯಿಂದಲೂ ಒಂದೇ ಪ್ರಶ್ನೆ ಬರುತ್ತಿದೆ. "ಸರ್ಕಾರಿ ನೌಕರರಿಗೆ 10% ರಿಯಾಯಿತಿ ಅಂತ ಬೋರ್ಡ್ ಹಾಕಿದ್ರೆ ಹೆಂಗ್ರಿ?" ಪಕ್ಕದ ಅಂಗಡಿಯವನು ಹಾಕಿರುತ್ತಾನೆ, ಇವರಿಗೆ ನಿದ್ದೆ ಬರಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬಹಳಷ್ಟು ಸಣ್ಣ ಅಂಗಡಿಗಳಿಗೆ ಈ ಬೋರ್ಡ್ ಬೇಡ. ಸಂಬಳದವರ ವ್ಯಾಪಾರ ಬೇಡ ಅಂತಲ್ಲ. ರಿಯಾಯಿತಿ ಕೊಡುವುದಿದ್ದರೆ ಬದಲಿಗೆ ನಿಮಗೇನು ಸಿಗುತ್ತದೆ ಅಂತ ನೋಡಿ ಕೊಡಿ, ಇಲ್ಲವಾದರೆ ನಿಜವಾಗಲೂ ಕಷ್ಟಪಡುವವರಿಗೆ ಅಂತ ಮನಸ್ಸಿಟ್ಟು ಕೊಡಿ. ಎರಡನ್ನೂ ಕಲಸಿ "ಸರ್ಕಾರಿ ನೌಕರ" ಅನ್ನೋ ಒಂದೇ ಹೆಸರಿನ ಕೆಳಗೆ ಹಾಕಿದರೆ ದುಡ್ಡೂ ಹೋಗುತ್ತದೆ, ಉಳಿದ ಗಿರಾಕಿಗಳೂ ಮುಖ ದಪ್ಪ ಮಾಡಿಕೊಳ್ಳುತ್ತಾರೆ. ಯಾವ ದಾರಿ ಯಾರಿಗೆ ಸರಿ ಅಂತ ಒಂದೊಂದಾಗಿ ನೋಡೋಣ.

ಸಂಬಳ ಏರಿದ್ದು ಎಷ್ಟು, ಯಾರಿಗೆ

ಅಂಗಡಿಯವರ ತಲೆಯಲ್ಲಿ ಇರುವುದು 58.5% ಅನ್ನೋ ಅಂಕಿ. ಕನಿಷ್ಠ ಮೂಲ ವೇತನ 17,000 ಇದ್ದದ್ದು 27,000 ಆಯಿತು, ಅದೂ ನಿಜ. ಆದರೆ ಆ 58.5ರಲ್ಲಿ 31% ಮೊದಲಿಂದಲೂ ಕೈಗೆ ಬರುತ್ತಿದ್ದ ತುಟ್ಟಿಭತ್ಯೆ, ಅದನ್ನು ಮೂಲ ವೇತನಕ್ಕೆ ಸೇರಿಸಿದರು ಅಷ್ಟೆ. ಹೊಸದಾಗಿ ಸಿಕ್ಕಿದ್ದು 27.5%. ಅದರಲ್ಲೂ 17% ಮಧ್ಯಂತರ ಪರಿಹಾರ 2023ರ ಏಪ್ರಿಲ್‌ನಿಂದಲೇ ಸಿಗುತ್ತಿತ್ತು, ಆ ವರ್ಷದ ಮಾರ್ಚ್ 1ರಂದು ನೌಕರರು ಮುಷ್ಕರಕ್ಕೆ ಇಳಿದಾಗ ಸರ್ಕಾರ ಒಪ್ಪಿಕೊಂಡದ್ದು. ಹಾಗಾಗಿ ಆಗಸ್ಟ್‌ನಲ್ಲಿ ಎಲ್ಲರ ಜೇಬು ಒಮ್ಮೆಲೇ ಒಂದೂವರೆ ಪಟ್ಟು ದಪ್ಪವಾಯಿತು ಅಂತ ಲೆಕ್ಕ ಹಾಕಿದವರು ಸುಮ್ನೆ ಸರಕು ತುಂಬಿಸಿಕೊಂಡರು. 2006ರ ಏಪ್ರಿಲ್ ನಂತರ ಕೆಲಸಕ್ಕೆ ಸೇರಿದವರಿಗೆ ಪಿಂಚಣಿಗೆ ಅಂತ ಎನ್‌ಪಿಎಸ್ ಕಡಿತ ಬೇರೆ ಇದೆ. ಅದರ ಮೇಲೆ ಮನೆ ಸಾಲ, ಗಾಡಿ ಸಾಲ, ಮಕ್ಕಳ ಕಾಲೇಜು ಫೀಸು.

ಇನ್ನು "ಸರ್ಕಾರಿ ನೌಕರ" ಅಂದರೆ ಯಾರು? ಇದು ಕೌಂಟರ್‌ನಲ್ಲಿ ಜಗಳಕ್ಕೆ ಕಾರಣವಾಗುವ ಪ್ರಶ್ನೆ. ತಹಸೀಲ್ದಾರರು, ಶಾಲೆ ಮೇಷ್ಟ್ರು, ಪೊಲೀಸ್ ಕಾನ್‌ಸ್ಟೇಬಲ್ ಸರಿ. ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ಕಂಡಕ್ಟರ್? ಜೆಸ್ಕಾಂ ಲೈನ್‌ಮನ್? ಕುಡತಿನಿಯ ಥರ್ಮಲ್ ಸ್ಥಾವರದಲ್ಲಿ ಕೆಪಿಸಿ ಕೆಲಸದವರು? ದೋಣಿಮಲೈನ ಕಬ್ಬಿಣದ ಗಣಿ ಕಂಪನಿ ಎನ್‌ಎಂಡಿಸಿ, ರೈಲ್ವೆ, ರಾಷ್ಟ್ರೀಕೃತ ಬ್ಯಾಂಕು? ಎಲ್ಲವೂ ಸರ್ಕಾರದ್ದೇ, ಆದರೆ ಅವರ ಸಂಬಳಕ್ಕೂ ರಾಜ್ಯದ ಏಳನೇ ವೇತನ ಆಯೋಗಕ್ಕೂ ಸಂಬಂಧ ಇಲ್ಲ. ಅನುದಾನಿತ ಶಾಲೆಯವರು ಬಂದು "ನಮಗೂ ಸರ್ಕಾರದ್ದೇ ಸಂಬಳ" ಅಂತಾರೆ. ನಿವೃತ್ತರು ಪಿಂಚಣಿ ಪುಸ್ತಕ ತೋರಿಸುತ್ತಾರೆ. ಕೆಜಿಐಡಿ (ರಾಜ್ಯ ಸರ್ಕಾರಿ ನೌಕರರ ವಿಮಾ ಇಲಾಖೆ) ನಂಬರ್ ಇದ್ದವರಿಗೆ ಮಾತ್ರ ಅಂತ ಒಬ್ಬ ಶೂ ಅಂಗಡಿಯವರು ನಿಯಮ ಮಾಡಿದ್ದರು. ಕೇಳೋಕೆ ಸ್ಪಷ್ಟವಾಗಿದೆ, ಆದರೆ ಆಸ್ಪತ್ರೆಯಲ್ಲಿ ಹೊರಗುತ್ತಿಗೆ ಮೇಲೆ ರಾತ್ರಿ ಪಾಳಿ ಮಾಡುವ ನರ್ಸ್, ಅತಿಥಿ ಉಪನ್ಯಾಸಕ, ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ ಇವರಲ್ಲಿ ಒಬ್ಬರೂ ಆ ನಿಯಮದೊಳಗೆ ಬರಲ್ಲ. ಕೆಜಿಐಡಿ ಇರುವ ಪತ್ರಾಂಕಿತ ಅಧಿಕಾರಿ ಮಾತ್ರ ಆರಾಮಾಗಿ ಬರುತ್ತಾರೆ. ರಿಯಾಯಿತಿ ಬೇಕಾದವರು ಹೊರಗೆ, ಬೇಡವಾದವರು ಒಳಗೆ.

ದಾರಿ ಒಂದು: ಕಾರ್ಡ್ ತೋರಿಸಿದ ಎಲ್ಲರಿಗೂ ರಿಯಾಯಿತಿ

ಮೊದಲು ಅಂಕಿ. 800ಕ್ಕೆ ತಂದ ಮಾಲು 1,000ಕ್ಕೆ ಮಾರುತ್ತೀರಿ ಅಂದುಕೊಳ್ಳಿ. ಲಾಭ 200. ಹತ್ತು ಪರ್ಸೆಂಟ್ ಬಿಟ್ಟರೆ ಲಾಭ 100. ಗಿರಾಕಿಗೆ ಹತ್ತು ಪರ್ಸೆಂಟ್ ಉಳಿಯಿತು, ನಿಮಗೆ ಅರ್ಧ ಹೋಯಿತು. ಇದನ್ನು ಎಷ್ಟು ಸಲ ಹೇಳಿದರೂ "ಬರೀ ಹತ್ತು ಪರ್ಸೆಂಟ್ ಅಲ್ವಾ" ಅನ್ನುವವರೇ ಜಾಸ್ತಿ.

ಈಗ ಹತ್ತು ಗಿರಾಕಿಗಳ ಲೆಕ್ಕ ಹಾಕಿ. ಹತ್ತರಲ್ಲಿ ನಾಲ್ಕು ಜನ ಈಗಾಗಲೇ ಸರ್ಕಾರಿ ನೌಕರರು. ಬೋರ್ಡ್ ಹಾಕಿದ ದಿನವೇ ಆ ನಾಲ್ವರಿಂದ 400 ರೂಪಾಯಿ ಕಳೆದುಕೊಂಡಿರಿ, ಅವರು ಹೇಗೂ ನಿಮ್ಮಲ್ಲೇ ಕೊಳ್ಳುತ್ತಿದ್ದವರು. ಹೊಸದಾಗಿ ಬರುವ ಪ್ರತಿ ನೌಕರನಿಂದ ನಿಮಗೆ ಉಳಿಯುವುದು 100. ಅಂದರೆ ಹೋದದ್ದು ವಾಪಸ್ ಬರಬೇಕಾದರೇ ಇನ್ನೂ ನಾಲ್ಕು ಹೊಸ ನೌಕರರು ಬರಬೇಕು. ಲಾಭದ ಮಾತು ಶುರುವಾಗೋದು ಐದನೆಯವರಿಂದ. ನಿಮ್ಮ ಗಿರಾಕಿಗಳಲ್ಲಿ ನೌಕರರು ಈಗಾಗಲೇ ಜಾಸ್ತಿ ಇದ್ದರೆ ಈ ಬೋರ್ಡ್‌ನಿಂದ ನಷ್ಟ ಜಾಸ್ತಿ. ಡಿಸಿ ಆಫೀಸು, ಕೋರ್ಟು, ದೊಡ್ಡಾಸ್ಪತ್ರೆ ಹತ್ತಿರದ ಅಂಗಡಿಯವರು ಇದನ್ನು ಗಮನಿಸಬೇಕು. ಜನ ಅಂದುಕೊಳ್ಳೋದು ಇದಕ್ಕೆ ಪೂರ್ತಿ ಉಲ್ಟಾ.

ಲಾಭಾಂಶ ದೊಡ್ಡದಿದ್ದರೆ ಕಥೆ ಬೇರೆ. 600ಕ್ಕೆ ತಂದು ಸಾವಿರಕ್ಕೆ ಮಾರುವ ಕನ್ನಡಕದ ಫ್ರೇಮಿಗೆ ಹತ್ತು ಪರ್ಸೆಂಟ್ ಬಿಟ್ಟರೂ 300 ಉಳಿಯುತ್ತದೆ. ಫೋಟೋ ಸ್ಟುಡಿಯೋ, ಸಲೂನು, ಜಿಮ್, ಟೈಲರಿಂಗ್, ಲಾಡ್ಜು, ಕಂಪ್ಯೂಟರ್ ಕ್ಲಾಸು, ಇಲ್ಲೆಲ್ಲಾ ಖಾಲಿ ಕೂತ ಕುರ್ಚಿಯಿಂದ ಏನೂ ಹುಟ್ಟಲ್ಲ. ಕಡಿಮೆ ಬೆಲೆಗಾದರೂ ಕುರ್ಚಿ ತುಂಬಿದರೆ ಬಂದಷ್ಟು ಲಾಭ. ಇಂಥವರು ಈ ದಾರಿ ಯೋಚಿಸಬಹುದು.

ಕಿರಾಣಿಯವರು ಯೋಚಿಸಲೇಬೇಡಿ. ಎಣ್ಣೆ, ಸಕ್ಕರೆ, ಹಾಲಿನ ಪ್ಯಾಕೆಟ್‌ನಲ್ಲಿ ಬಿಡೋಕೆ ಏನಿದೆ? ಔಷಧಿ ಅಂಗಡಿಯವರಿಗೂ ಎಚ್ಚರ ಬೇಕು. ಬೆಲೆ ನಿಯಂತ್ರಣದಲ್ಲಿರುವ ಔಷಧಿಗಳಿಗೆ 2013ರ ಔಷಧ ಬೆಲೆ ನಿಯಂತ್ರಣ ಆದೇಶ ಚಿಲ್ಲರೆ ವ್ಯಾಪಾರಿಗೆ ಹಿಡಿದಿರುವ ಲಾಭಾಂಶ 16%. ಅದರಲ್ಲಿ ಹತ್ತು ಬಿಟ್ಟರೆ ಬಾಡಿಗೆ, ಕರೆಂಟು, ಫ್ರಿಜ್ಜು, ಫಾರ್ಮಾಸಿಸ್ಟ್ ಸಂಬಳ ಎಲ್ಲಿಂದ ತರ್ತೀರಿ? ಬಂಗಾರದ ಅಂಗಡಿಯಲ್ಲಿ ಬಂಗಾರದ ದರಕ್ಕೆ ಕೈ ಹಾಕೋಕಾಗಲ್ಲ, ಮಜೂರಿಯಲ್ಲಿ ಮಾತ್ರ ಬಿಡಬಹುದು. "ಮಜೂರಿಯ ಮೇಲೆ" ಅನ್ನೋ ಎರಡು ಪದ ಬೋರ್ಡ್‌ನಲ್ಲಿ ಇಷ್ಟು ಸಣ್ಣಗೆ ಬರೆಸುವವರನ್ನು ನೋಡಿದರೆ ನನಗೆ ನಗು ಬರುತ್ತದೆ. ಗಿರಾಕಿಗೆ ನಗು ಬರಲ್ಲ.

ಮಿಲಿಟರಿ ಕ್ಯಾಂಟೀನ್ ಉದಾಹರಣೆ ಕೊಡುವವರೂ ಇದ್ದಾರೆ. "ಅಲ್ಲಿ ಅಷ್ಟು ಕಮ್ಮಿಗೆ ಸಿಗುತ್ತಲ್ಲ, ನಾವ್ಯಾಕೆ ಕೊಡಬಾರದು?" 1948ರಲ್ಲಿ ಶುರುವಾದ ಕ್ಯಾಂಟೀನ್ ಸ್ಟೋರ್ಸ್ ಇಲಾಖೆ ಇಡೀ ದೇಶಕ್ಕೆ ಸೇರಿಸಿ ಸಗಟಿನಲ್ಲಿ ಕೊಳ್ಳುತ್ತದೆ, ಮೇಲಿಂದ ಅರ್ಧ ಜಿಎಸ್‌ಟಿಯನ್ನು ಸರ್ಕಾರ ಬಿಟ್ಟುಕೊಡುತ್ತದೆ. ಅಲ್ಲಿ ರಿಯಾಯಿತಿ ಕೊಡ್ತಿರೋದು ಸರ್ಕಾರ. ನಿಮ್ಮ ಅಂಗಡಿಯಲ್ಲಿ ಅದು ನಿಮ್ಮ ಗಲ್ಲಾದಿಂದ ಹೋಗುತ್ತದೆ. ಬ್ರಿಟನ್‌ನಲ್ಲಿ ಆಂಬುಲೆನ್ಸ್, ಅಗ್ನಿಶಾಮಕ, ಆಸ್ಪತ್ರೆ, ಪೊಲೀಸ್ ಕೆಲಸದವರಿಗೆ ಬ್ಲೂ ಲೈಟ್ ಕಾರ್ಡ್ ಅಂತ ಒಂದಿದೆ. ನೌಕರರೇ ಎರಡು ವರ್ಷಕ್ಕೆ ಐದು ಪೌಂಡ್ ಹತ್ತಿರ ಕೊಟ್ಟು ಆ ಕಾರ್ಡ್ ಮಾಡಿಸಿಕೊಳ್ಳುತ್ತಾರೆ, ಯಾರು ಅರ್ಹರು ಅಂತ ಪರಿಶೀಲಿಸುವ ತಲೆನೋವು ಕಾರ್ಡ್ ಕಂಪನಿಯದ್ದು. ಇಲ್ಲಿ ಆ ಕೆಲಸ ನಿಮ್ಮ ಕೌಂಟರ್‌ನಲ್ಲಿ ನಿಂತ ಹುಡುಗ ಮಾಡಬೇಕು, ಹಿಂದೆ ಲೈನ್ ನಿಂತಿರುವಾಗ.

ದೋಣಿಮಲೈ ಟೌನ್‌ಶಿಪ್, ಕುಡತಿನಿ, ರಾಯಚೂರು ಕಡೆ ಶಕ್ತಿನಗರ, ಹಟ್ಟಿ ಚಿನ್ನದ ಗಣಿ ಇಂಥ ಜಾಗಗಳ ಮಾತು ಸ್ವಲ್ಪ ಬೇರೆ. ಅಲ್ಲಿ ಊರಿಗೆ ಊರೇ ಒಂದು ಸಂಸ್ಥೆಯ ಸಂಬಳದ ಮೇಲೆ ನಿಂತಿದೆ. "ನೌಕರರಿಗೆ ರಿಯಾಯಿತಿ" ಅಂದರೆ ಎಲ್ಲರಿಗೂ ರಿಯಾಯಿತಿ ಅಂತಲೇ ಅರ್ಥ. ಅದಕ್ಕೆ ಬೋರ್ಡ್ ಯಾಕೆ, ಬೆಲೆಯನ್ನೇ ಇಳಿಸಿ.

ಉಳಿದ ಗಿರಾಕಿಗಳ ಮಾತು

ದುಡ್ಡಿನ ಲೆಕ್ಕಕ್ಕಿಂತ ಇದು ನನಗೆ ದೊಡ್ಡದಾಗಿ ಕಾಣುತ್ತದೆ. ನಮ್ಮ ಊರಲ್ಲಿ ಜೀನ್ಸ್ ಹೊಲಿಯುವವರು ಪೀಸಿನ ಲೆಕ್ಕದಲ್ಲಿ ದುಡಿಯುತ್ತಾರೆ. ಆರ್ಡರ್ ಇದ್ದರೆ ಕೆಲಸ, ಕರೆಂಟ್ ಹೋದರೆ ಆ ಹೊತ್ತಿನ ದುಡಿಮೆ ಹೋಯಿತು. ಸಿರುಗುಪ್ಪ, ಕುರುಗೋಡು ಕಡೆಯ ಭತ್ತ, ಮೆಣಸಿನಕಾಯಿ ಬೆಳೆಯುವವರಿಗೆ ಕಾಲುವೆಗೆ ನೀರು ಬಿಟ್ಟರೆ ಬೆಳೆ, ಮಾರಿದಾಗ ದುಡ್ಡು. ಅಂಥವರೊಬ್ಬರು ನಿಮ್ಮ ಕೌಂಟರ್‌ನಲ್ಲಿ ಪೂರ್ತಿ 1,000 ಎಣಿಸುತ್ತಿರುವಾಗ, ಪಕ್ಕದಲ್ಲಿ ಪ್ರತಿ ತಿಂಗಳು ತಪ್ಪದೆ ಸಂಬಳ ಬರುವವರು ಕಾರ್ಡ್ ತೋರಿಸಿ 900 ಕೊಟ್ಟು ಹೋಗುತ್ತಾರೆ. "ಏನ್ರಿ ಸಾವ್ಕಾರ್ರೆ, ನಮ್ಮ ರೊಕ್ಕಕ್ಕೆ ಬೆಲೆ ಇಲ್ಲೇನು?" ಅಂತ ಕೇಳಿದರೆ ಏನು ಹೇಳ್ತೀರಿ? ಕೇಳದೆ ಸುಮ್ನೆ ಹೋದವರು ಮುಂದಿನ ಸಲ ಬೇರೆ ಅಂಗಡಿಗೆ ಹೋಗುತ್ತಾರೆ, ಅದು ನಿಮ್ಮ ಲೆಕ್ಕದ ಪುಸ್ತಕದಲ್ಲಿ ಎಲ್ಲೂ ಕಾಣಲ್ಲ.

ನಮ್ಮ ಭಾಗದಲ್ಲಿ ಸರ್ಕಾರಿ ಕೆಲಸಕ್ಕೆ ಇರುವ ಬೆಲೆ ಗೊತ್ತೇ ಇದೆ. ಈ ಭಾಗದವರಿಗೆ ಸರ್ಕಾರಿ ಕೆಲಸದಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕದ ಮಕ್ಕಳು ಆ ಮೀಸಲಾತಿ ನಂಬಿಕೊಂಡು ವರ್ಷಗಟ್ಟಲೆ ಪರೀಕ್ಷೆಗೆ ಓದುತ್ತಾರೆ. ಸಿಕ್ಕವರು ಗೆದ್ದರು. ಸಿಗದೆ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕೆ ನಿಂತ ಹುಡುಗನ ಕೈಯಲ್ಲೇ ಗೆದ್ದವರಿಗೆ ರಿಯಾಯಿತಿ ಬಿಲ್ ಹಾಕಿಸುವುದು ನನಗಂತೂ ಸರಿ ಕಾಣಲ್ಲ. ಕಾನೂನಿನ ತಕರಾರೇನೂ ಇದಕ್ಕೆ ಇಲ್ಲ. ಅಂಗಡಿಗೆ ಬರುವವರನ್ನು ಜಾತಿ, ಧರ್ಮ, ಲಿಂಗ, ಹುಟ್ಟಿದ ಊರು ನೋಡಿ ತಡೆಯಬಾರದು ಅಂತ ಸಂವಿಧಾನದ 15ನೇ ವಿಧಿ ಹೇಳುತ್ತದೆ, ಉದ್ಯೋಗದ ಮೇಲೆ ಬೆಲೆ ಇಳಿಸುವುದು ಅದರಲ್ಲಿ ಬರಲ್ಲ. ಕಾನೂನು ಸುಮ್ಮನಿದ್ದರೂ ಗಿರಾಕಿ ಸುಮ್ಮನಿರಲ್ಲ, ಅಷ್ಟೆ.

ಈ ಮಾತಿಗೆ ಇನ್ನೊಂದು ಮಗ್ಗುಲೂ ಇದೆ. ಬ್ಯಾಂಕ್ ಖಾತೆಗೆ ಸಂಬಳ ಬರುವವರು ಚೌಕಾಶಿ ಕಡಿಮೆ ಮಾಡುತ್ತಾರೆ, ಚೆಕ್ ಬೌನ್ಸ್ ಕಡಿಮೆ, ವರ್ಷಪೂರ್ತಿ ಬರುತ್ತಾರೆ, ವರ್ಗಾವಣೆ ಆಗಿ ಬಂದವರು ಒಂದು ಮನೆಗೆ ಬೇಕಾದ್ದನ್ನೆಲ್ಲ ಒಟ್ಟಿಗೇ ಕೊಳ್ಳುತ್ತಾರೆ. ಒಬ್ಬ ಟೀಚರ್ ಇಷ್ಟಪಟ್ಟರೆ ಸ್ಟಾಫ್ ರೂಮಿಗೆ ಸುದ್ದಿ ಮುಟ್ಟುತ್ತದೆ. ಈ ಲಾಭ ನಿಜವಾದದ್ದು. ಪ್ರಶ್ನೆ ಇಷ್ಟೇ, ಅದನ್ನು ಕೊಳ್ಳೋಕೆ ಲಾಭದ ಅರ್ಧ ಕೊಡಬೇಕಾ?

ದಾರಿ ಎರಡು: ಆಯ್ದ ಕೆಲಸದವರಿಗೆ ಮಾತ್ರ

ಮನಸ್ಸಿಗೆ ಹಿಡಿಸುವುದು ನನಗೆ ಇದೇ. ಬೆಳಗಿನ ಜಾವ ರಸ್ತೆ ಗುಡಿಸುವ ಪೌರಕಾರ್ಮಿಕರು, ಆಶಾ, ಅಂಗನವಾಡಿಯವರು, ಹೊರಗುತ್ತಿಗೆ ನರ್ಸ್‌ಗಳು, ಬಸ್ ಓಡಿಸುವವರು. ಇವರಿಗೆ ಸಿಗುವ ದುಡ್ಡು ಕಡಿಮೆ, ಆಶಾ, ಅಂಗನವಾಡಿಯವರಿಗಂತೂ ಗೌರವಧನ ಅಂತ ಹೆಸರು ಬೇರೆ, ಅದೂ ಕೆಲವೊಮ್ಮೆ ತಡವಾಗಿ ಬರುತ್ತದೆ. ಸಂಖ್ಯೆಯೂ ಕಡಿಮೆ ಇರೋದರಿಂದ ನಿಮಗೆ ಆಗುವ ಖರ್ಚು ಹಿಡಿತದಲ್ಲಿರುತ್ತದೆ. ಹತ್ತಿರ ನಿಂತಿರೋ ರೈತ ಕೂಡ "ಪಾಪ, ಕೊಡ್ಲಿ ಬಿಡ್ರಿ" ಅಂತಾನೆ, ಮುಖ ದಪ್ಪ ಮಾಡಿಕೊಳ್ಳಲ್ಲ.

ಹೋಟೆಲ್‌ನವರಿಗೆ ಇದು ಬಹಳ ಸುಲಭ. ಬೆಳಿಗ್ಗೆ ಏಳರೊಳಗೆ ಬರುವ ಪೌರಕಾರ್ಮಿಕರಿಗೆ ಒಗ್ಗರಣೆ-ಮಿರ್ಚಿ, ಚಹಾ ಕಡಿಮೆ ಬೆಲೆಗೆ ಕೊಟ್ಟರೆ ದೊಡ್ಡ ಗಂಟೇನೂ ಹೋಗಲ್ಲ. ಒಂದೇ ಕಿವಿಮಾತು: ಇದನ್ನು ಫೋಟೋ ತೆಗೆದು ಸ್ಟೇಟಸ್ ಹಾಕೋಕೆ ಮಾಡಬೇಡಿ. ತಟ್ಟೆ ಹಿಡಿದು ನಿಂತವರ ಮುಖ ನೋಡಿದ್ರೇ ಗೊತ್ತಾಗುತ್ತೆ ಅವರಿಗದು ಹಿಂಸೆ ಅಂತ. ಬೆಲೆ ಪಟ್ಟಿಯಲ್ಲಿ ಒಂದು ಸಾಲು ಬರೆದು ಸುಮ್ಮನಿರಿ. ಗುತ್ತಿಗೆ ಏಜೆನ್ಸಿಯ ಕಾರ್ಡ್ ಇದ್ದರೂ ಸಾಕು ಅಂತ ಸೇರಿಸಿ, ಅದಿಲ್ಲದಿದ್ದರೆ ಯಾರಿಗೆ ಅಂತ ಮಾಡಿದಿರೋ ಅವರೇ ಹೊರಗುಳಿಯುತ್ತಾರೆ.

ಯಾರಿಗೆ ಕೊಡಲೇಬಾರದು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಬೋರ್ಡ್ ಹಾಕಿ, ಎಲ್ಲರಿಗೂ ಒಂದೇ ದರದಲ್ಲಿ, ಬಿಲ್‌ನಲ್ಲಿ ತೋರಿಸಿ ಕೊಡುವ ರಿಯಾಯಿತಿ ಒಂದು. ನಿಮ್ಮ ಅಂಗಡಿಗೆ ತಪಾಸಣೆಗೆ ಬರುವ ಅಧಿಕಾರಿಗೆ "ನಿಮ್ಮ ಹತ್ರ ಏನು ತಗೊಳ್ಳೋದು ಸರ್" ಅಂತ ಅರ್ಧ ಬೆಲೆಗೆ ಮಿಕ್ಸಿ ಕೊಡುವುದು ಇನ್ನೊಂದು. ತೂಕ-ಅಳತೆ, ಆಹಾರ ಸುರಕ್ಷತೆ, ಕಾರ್ಮಿಕ ಇಲಾಖೆ, ವಾಣಿಜ್ಯ ತೆರಿಗೆ, ಪಾಲಿಕೆಯ ಲೈಸೆನ್ಸ್ ನೋಡುವವರು, ಇವರಲ್ಲಿ ಯಾರೇ ಆಗಲಿ. 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಬಂದ ಮೇಲೆ ಕೆಲಸ ಮಾಡಿಸಿಕೊಳ್ಳೋಕೆ ಅನುಕೂಲ ಮಾಡಿಕೊಟ್ಟವರೂ ನೇರವಾಗಿ ಅಪರಾಧಿಗಳೇ, ಏಳು ವರ್ಷದವರೆಗೆ ಜೈಲು ಆಗಬಹುದು. ನಗದೇ ಆಗಬೇಕಂತಿಲ್ಲ. ಬಲವಂತದಿಂದ ಕೊಟ್ಟಿದ್ದರೆ ಏಳು ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದವರಿಗೆ ಮಾತ್ರ ರಕ್ಷಣೆ.

ಒಳಗಿನ ಅಪಾಯ ಬೇರೆಯದು. "ನೌಕರರಿಗೆ 10%" ಬೋರ್ಡ್ ಇದ್ದ ಅಂಗಡಿಗೆ ಬಂದ ಸಾಹೇಬರು "ಹತ್ತು ಎಲ್ರಿಗೂ ಅಲ್ವಾ, ನಮಗೆಷ್ಟು?" ಅನ್ನುತ್ತಾರೆ. ಅಂದರೆ ಬೋರ್ಡ್ ನಿಮ್ಮನ್ನು ಕಾಪಾಡಲಿಲ್ಲ, ಚೌಕಾಶಿ ಎಲ್ಲಿಂದ ಶುರುವಾಗಬೇಕು ಅಂತ ಹೇಳಿಕೊಟ್ಟಿತು. ಎಲ್ಲ ಅಧಿಕಾರಿಗಳೂ ಹೀಗೆ ಅಂತ ಹೇಳುತ್ತಿಲ್ಲ, ಪೂರ್ತಿ ಬೆಲೆ ಕೊಟ್ಟು ಬಿಲ್ ಕೇಳಿ ಪಡೆಯುವವರೇ ಜಾಸ್ತಿ ನನ್ನ ಕಣ್ಣಿಗೆ ಬಿದ್ದಿದ್ದು. ಆದರೆ ನಿಮ್ಮ ವ್ಯಾಪಾರ ಇಂಥ ತಪಾಸಣೆಗಳಿಗೆ ಜಾಸ್ತಿ ಸಿಗುವಂಥದ್ದಾಗಿದ್ದರೆ, ಅಂದರೆ ಹೋಟೆಲ್, ಬೇಕರಿ, ಔಷಧಿ ಅಂಗಡಿ, ಬಂಗಾರ, ಈ ಬೋರ್ಡ್ ಇಲ್ಲದಿರುವುದೇ ಕ್ಷೇಮ.

ದಾರಿ ಮೂರು: ಸಂಘದ ಜೊತೆ, ಒಟ್ಟಿಗೆ ಕೊಂಡರೆ ಮಾತ್ರ

ನೌಕರರ ಸಂಘ, ಶಿಕ್ಷಕರ ಸಂಘ, ನೌಕರರ ಪತ್ತಿನ ಸಹಕಾರ ಸಂಘ ಇವುಗಳ ಜೊತೆ ಮಾತಾಡಿ ಒಂದು ಬೆಲೆ ಗೊತ್ತು ಮಾಡಿಕೊಳ್ಳಬಹುದು. ಇಪ್ಪತ್ತು ಫ್ರಿಜ್ಜು ಒಟ್ಟಿಗೆ ಹೋದರೆ ಹತ್ತು ಬಿಡಿ, ಐದು ಹೋದರೆ ನಾಲ್ಕು ಬಿಡಿ. ಇಲ್ಲಿ ನೀವು ಕೊಡುವ ರಿಯಾಯಿತಿಗೆ ಬದಲಿಗೆ ಏನು ಸಿಗುತ್ತದೆ ಅನ್ನೋದು ಎಣಿಸಿ ನೋಡಬಹುದಾದ ವಿಷಯ. ಡೀಲರ್ ಹತ್ತಿರ ನೀವೂ ಜಗ್ಗಿ ಬೆಲೆ ಇಳಿಸಬಹುದು. ಫರ್ನಿಚರ್, ಗೃಹೋಪಯೋಗಿ ಸಾಮಾನು, ಎರಡು ಚಕ್ರದ ಗಾಡಿ, ಸೋಲಾರ್ ಹೀಟರ್‌ನವರಿಗೆ ನಾನು ಮೊದಲು ಹೇಳುವ ದಾರಿ ಇದೇ. ಸಂಘದ ಪದಾಧಿಕಾರಿ ತನಗೆ ಪ್ರತ್ಯೇಕ ಕಮಿಷನ್ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ದಾರಿ ನಾಲ್ಕು: ರಿಯಾಯಿತಿ ಬದಲು ಉದ್ರಿ

ಇದನ್ನು ಯಾರೂ ರಿಯಾಯಿತಿ ಅಂತ ಲೆಕ್ಕ ಹಿಡಿಯಲ್ಲ, ಆದರೆ ಸಂಬಳದವರಿಗೆ ನಿಜವಾಗಿ ಬೇಕಾದದ್ದು ಇದೇ. ತಿಂಗಳ ಇಪ್ಪತ್ತನೇ ತಾರೀಕಿಗೆ ಖಾತೆ ಖಾಲಿ, ಒಂದನೇ ತಾರೀಕಿನ ಹತ್ತಿರ ತುಂಬುತ್ತದೆ. ಮಧ್ಯದ ಹತ್ತು ದಿನ ಅವರು ಕೊಳ್ಳುವ ಆಸೆಯನ್ನು ಮುಂದಕ್ಕೆ ಹಾಕುತ್ತಾರೆ. ಆಗ ಹತ್ತು ಪರ್ಸೆಂಟ್ ಅಂದರೂ ಬರಲ್ಲ, "ಮುಂದಿನ ತಿಂಗಳು ಕೊಡಿ" ಅಂದರೆ ಬರುತ್ತಾರೆ.

ಲೆಕ್ಕ ನೋಡಿ. 10,000 ರೂಪಾಯಿ ಮಾಲಿಗೆ 10% ಬಿಟ್ಟರೆ 1,000 ಹೋಯಿತು. ಅದೇ ಮಾಲು ಎರಡು ತಿಂಗಳು ಉದ್ರಿ ಕೊಟ್ಟರೆ, ಬಜಾರಿನ ಬಡ್ಡಿ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಅಂತ ಹಿಡಿದರೂ ನಿಮಗೆ ತಗಲುವುದು 400. ಸಂಬಳದವರ ಉದ್ರಿ ಮುಳುಗುವುದು ಕಡಿಮೆ, ವಸೂಲಿಗೆ ಅವರ ಆಫೀಸು ಎಲ್ಲಿದೆ ಅಂತ ಗೊತ್ತು. ಆದರೆ ವರ್ಗಾವಣೆ ಸಮಯ ನೋಡಿಕೊಳ್ಳಿ. 2021ರಲ್ಲಿ ವಿಜಯನಗರ ಬೇರೆ ಜಿಲ್ಲೆಯಾದಾಗ ಎಷ್ಟೋ ಕಚೇರಿಗಳ ಜನ ಹೊಸಪೇಟೆಗೆ ಹೋದರು, ಜೊತೆಗೆ ಕೆಲವರ ಉದ್ರಿ ಪುಸ್ತಕದ ಹೆಸರುಗಳೂ ಹೋದವು. ಒಂದು ಸಹಿ, ಒಂದು ಮೊಬೈಲ್ ನಂಬರ್, ಗರಿಷ್ಠ ಎಷ್ಟು ಅನ್ನೋ ಮಿತಿ, ಇಷ್ಟು ಇಲ್ಲದೆ ಉದ್ರಿ ಬೇಡ. ದೊಡ್ಡ ಸಾಮಾನಾದರೆ ಫೈನಾನ್ಸ್ ಕಂಪನಿಯ ಕಂತಿಗೆ ಬಿಡಿ. "ಬಡ್ಡಿ ಇಲ್ಲ" ಅನ್ನುವ ಕಂತಿನ ಬಡ್ಡಿಯನ್ನು ಡೀಲರ್ ಕಮಿಷನ್‌ನಲ್ಲಿ ಎಷ್ಟು ಕತ್ತರಿಸುತ್ತಾರೆ ಅಂತ ಮಾತ್ರ ಮೊದಲೇ ಬರೆಸಿಕೊಳ್ಳಿ.

ದಾರಿ ಐದು: ಎಲ್ಲರಿಗೂ, ಆದರೆ ದಿನ ನೋಡಿ

ವ್ಯಾಪಾರ ಕುಂಟುವ ದಿನಕ್ಕೆ ಎಲ್ಲರಿಗೂ ಬೆಲೆ ಇಳಿಸಿ. 18ರಿಂದ 25ನೇ ತಾರೀಕು, ಅಥವಾ ಮಧ್ಯಾಹ್ನ ಎರಡರಿಂದ ಐದು. ಶಕ್ತಿ ಯೋಜನೆ ಬಂದಾಗಿನಿಂದ ಸಂಡೂರು, ಕಂಪ್ಲಿ ಕಡೆಯ ಹೆಣ್ಣುಮಕ್ಕಳು ಮಧ್ಯಾಹ್ನದ ಬಸ್ಸಿಗೆ ಪೇಟೆಗೆ ಬಂದು ಹೋಗುವುದು ಜಾಸ್ತಿಯಾಗಿದೆ, ಆ ಹೊತ್ತಿನ ಬೆಲೆ ಅವರಿಗೂ ಸಿಗುತ್ತದೆ, ಶಾಲೆ ಬಿಟ್ಟ ಟೀಚರಮ್ಮನಿಗೂ ಸಿಗುತ್ತದೆ. ಯಾರೂ ಕಾರ್ಡ್ ತೋರಿಸಬೇಕಿಲ್ಲ. ಬಟ್ಟೆ, ಚಪ್ಪಲಿ, ಪಾತ್ರೆ ಅಂಗಡಿಯವರಿಗೆ ನನ್ನ ಮತ ಇದಕ್ಕೇ.

ರೆಡಿಮೇಡ್ ಬಟ್ಟೆಯವರಿಗೆ ಇದರಲ್ಲಿ ಒಂದು ಒಳಲೆಕ್ಕವೂ ಇದೆ. 2025ರ ಸೆಪ್ಟೆಂಬರ್ 22ರಿಂದ ಒಂದು ಪೀಸಿನ ಮಾರಾಟ ಬೆಲೆ 2,500 ರೂಪಾಯಿವರೆಗೆ ಇದ್ದರೆ ಜಿಎಸ್‌ಟಿ 5%, ಮೀರಿದರೆ 18%. ತೆರಿಗೆ ಬಿಟ್ಟು 2,700 ಬೆಲೆಯ ಒಂದು ಲೆಹೆಂಗಾ ತಗೊಳ್ಳಿ. 18% ಸೇರಿದರೆ ಗಿರಾಕಿ ಕೊಡುವುದು 3,186. ನೀವು 10% ಬಿಟ್ಟರೆ ಬೆಲೆ 2,430, ತೆರಿಗೆ 5%, ಗಿರಾಕಿ ಕೊಡುವುದು 2,551 ರೂಪಾಯಿ 50 ಪೈಸೆ. ನಿಮ್ಮ ಕೈಯಿಂದ ಹೋದದ್ದು 270, ಅವರಿಗೆ ಉಳಿದದ್ದು 634 ಚಿಲ್ಲರೆ. 2,500ಕ್ಕೆ ಸ್ವಲ್ಪ ಮೇಲಿರುವ ಪೀಸುಗಳನ್ನೆಲ್ಲಾ ಈ ಕಣ್ಣಿಂದ ಒಮ್ಮೆ ನೋಡಿ. ಇಂಥ ರಿಯಾಯಿತಿ ನೌಕರರಿಗೆ ಮಾತ್ರ ಅಂತ ಇಡುವುದರಲ್ಲಿ ಅರ್ಥವೇ ಇಲ್ಲ.

ಯಾರಿಗೂ ರಿಯಾಯಿತಿ ಇಲ್ಲ, ಒಂದೇ ಬೆಲೆ ಅನ್ನುವುದೂ ಒಂದು ದಾರಿಯೇ. ಬೆಲೆ ಮೊದಲೇ ನ್ಯಾಯವಾಗಿದ್ದು, ಬದಲಾಯಿಸಿ ಕೊಡುವುದರಲ್ಲಿ ಕಿರಿಕಿರಿ ಮಾಡದಿದ್ದರೆ ಅದು ನಡೆಯುತ್ತದೆ. ಬೆಲೆ ಏರಿಸಿ ರಿಯಾಯಿತಿ ಕೊಡುವವರಿಗಿಂತ ಇವರು ಎಷ್ಟೋ ಮೇಲು.

ಆದರೂ ಕೊಡಲೇಬೇಕು ಅನ್ನುವವರಿಗೆ

ರಿಯಾಯಿತಿಯನ್ನು ಬಿಲ್‌ನಲ್ಲೇ ಬರೆಯಿರಿ. ಮಾರುವ ಹೊತ್ತಿಗೆ ಬಿಲ್‌ನಲ್ಲಿ ತೋರಿಸಿದ ರಿಯಾಯಿತಿಗೆ ಜಿಎಸ್‌ಟಿ ಕಟ್ಟಬೇಕಿಲ್ಲ. ಪೂರ್ತಿ ಬೆಲೆಗೆ ಬಿಲ್ ಹಾಕಿ ಆಮೇಲೆ ಕೈಯಲ್ಲಿ ನೂರು ರೂಪಾಯಿ ವಾಪಸ್ ಕೊಟ್ಟರೆ ಆ ನೂರಕ್ಕೂ ತೆರಿಗೆ ನೀವೇ ಕಟ್ಟಿದಂತೆ. ಕಾಂಪೋಸಿಷನ್ ಅನ್ನೋ ಸಣ್ಣವರ ಸರಳ ಜಿಎಸ್‌ಟಿ ಯೋಜನೆಯಲ್ಲಿ ಇರುವ ವ್ಯಾಪಾರಿಗಳು ತೆರಿಗೆ ಬೀಳುವ ಮಾಲಿನ ವಹಿವಾಟಿನ ಮೇಲೆ 1% ಕಟ್ಟುವುದರಿಂದ ಅವರಿಗೂ ಬಿಲ್‌ನಲ್ಲಿ ಇಳಿಸಿದ ಬೆಲೆಯೇ ಬರಬೇಕು.

ಬೋರ್ಡ್‌ನಲ್ಲಿ ಯಾವ ಸಾಮಾನಿಗೆ, ಯಾರಿಗೆ, ಎಷ್ಟು ತಾರೀಕಿನವರೆಗೆ ಅಂತ ಮೂರೂ ಇರಲಿ. ಕೊನೆಯ ತಾರೀಕು ಇಲ್ಲದ ರಿಯಾಯಿತಿಯನ್ನು ನಿಲ್ಲಿಸುವುದು ಬಹಳ ಕಷ್ಟ, ನಿಲ್ಲಿಸಿದ ದಿನ "ಬೆಲೆ ಏರಿಸಿದ್ರಿ" ಅನ್ನುತ್ತಾರೆ. ಗುರುತಿನ ಚೀಟಿಯನ್ನು ಕಣ್ಣಲ್ಲಿ ನೋಡಿ ವಾಪಸ್ ಕೊಡಿ. ಆಧಾರ್ ನಕಲು, ಕಾರ್ಡ್‌ನ ಫೋಟೋ ಇಟ್ಟುಕೊಳ್ಳಬೇಡಿ, ನಿಮಗದು ಬೇಕಾಗಿಯೇ ಇಲ್ಲ. ನೌಕರರ ಹೆಂಡತಿ, ಗಂಡ, ಅಪ್ಪ, ಅಮ್ಮ ಕಾರ್ಡ್ ಹಿಡಿದು ಬರುತ್ತಾರೆ. ಕೊಡ್ತೀರಾ ಇಲ್ಲವಾ ಅಂತ ಹುಡುಗರಿಗೆ ಮೊದಲೇ ಹೇಳಿರಿ.

ಶುರು ಮಾಡುವಾಗ ಒಂದು ತಿಂಗಳಿಗೆ ಅಂತ ಮಾಡಿ. ರಿಯಾಯಿತಿ ಕೊಟ್ಟ ಪ್ರತಿ ಬಿಲ್‌ನ ಮೂಲೆಯಲ್ಲಿ ಹಳೇ ಗಿರಾಕಿಯಾದರೆ "ಹ", ಹೊಸಬರಾದರೆ "ಹೊ" ಅಂತ ಪೆನ್ನಲ್ಲಿ ಬರೆಸಿ. ತಿಂಗಳ ಕೊನೆಗೆ ಎಣಿಸಿ. ಇಪ್ಪತ್ತು ಪರ್ಸೆಂಟ್ ಲಾಭದ ಅಂಗಡಿಯಲ್ಲಿ "ಹ"ಗಿಂತ "ಹೊ" ಜಾಸ್ತಿ ಇಲ್ಲದಿದ್ದರೆ ಬೋರ್ಡ್ ಇಳಿಸಿ. ನಲವತ್ತು ಪರ್ಸೆಂಟ್ ಲಾಭ ಇರುವವರಿಗೆ ಮೂರು ಹಳಬರಿಗೆ ಒಬ್ಬರು ಹೊಸಬರು ಬಂದರೂ ಹೋದದ್ದು ಭರ್ತಿ ಆಗುತ್ತದೆ.